ಅನ್ನದೊಡನೆ ಅಕ್ಷರವಿತ್ತ ಗುರು: ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು

ಪ್ರತಿ ವರ್ಷ ಸೆಪ್ಟೆಂಬರ್ 24 ಬಂತೆಂದರೆ ಮಧ್ಯ ಕರ್ನಾಟಕದ ಹಳ್ಳಿಹಳ್ಳಿಗಳ ಭಕ್ತರು ಸಿರಿಗೆರೆಯ ಕಡೆಗೆ ಮುಖ ಮಾಡುತ್ತಾರೆ. 1992ರ ಆ ದಿನ ಲಿಂಗೈಕ್ಯರಾದ ಶ್ರೀ ತರಳಬಾಳು ಜಗದ್ಗುರು ಶ್ರೀ 1108 ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರಿಗೆ ಶ್ರದ್ಧಾಂಜಲಿ ಸಲ್ಲಿಸಲು ಅವರು ಅಲ್ಲಿ ನೆರೆಯುತ್ತಾರೆ. ಅನೇಕ ಊರುಗಳವರು ದಾಸೋಹಕ್ಕೆಂದು ಅಕ್ಕಿಯನ್ನು ಹೇರಿಕೊಂಡು ಬರುವುದು ಅಲ್ಲಿನ ರೂಢಿ. ಗುರುವಿನ ಸ್ಮರಣೆಗೂ ಅಕ್ಕಿಯ ಚೀಲಕ್ಕೂ ಇರುವ ನಂಟನ್ನು ತಿಳಿದರೆ ಪೂಜ್ಯರ ಬಾಳಿನ ತಿರುಳು ತಿಳಿದಂತೆ. ಆದ್ದರಿಂದ ಅವರ ಜೀವನವನ್ನು, ವಿಶೇಷವಾಗಿ ಓದುವ ಮಕ್ಕಳನ್ನು ಅವರು ಪೊರೆದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ನಾಡಿನಲ್ಲಿ ಇದೇ ಹೆಸರಿನ ಇಬ್ಬರು ಮಹಾನುಭಾವರು ಒಂದೇ ಕಾಲದಲ್ಲಿ ಬಾಳಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ತ್ರಿವಿಧ ದಾಸೋಹ ನಡೆಸಿ 2019ರಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳವರು ಒಬ್ಬರು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು ಮತ್ತೊಬ್ಬರು. ಇಬ್ಬರೂ ಬಡಮಕ್ಕಳ ವಿದ್ಯೆಗಾಗಿ ದುಡಿದವರೇ ಆದುದರಿಂದ ಹೊಸ ತಲೆಮಾರಿನವರು ಒಬ್ಬರನ್ನು ಇನ್ನೊಬ್ಬರೆಂದು ಭಾವಿಸುವುದುಂಟು.

ಪೂಜ್ಯರು ಜನಿಸಿದ್ದು 1914ರ ಏಪ್ರಿಲ್ 28ರಂದು, ಹೊಳಲ್ಕೆರೆ ತಾಲ್ಲೂಕಿನ ಮುತ್ತುಗದೂರಿನಲ್ಲಿ. ಅದು ಮಳೆಯ ಮುಖ ನೋಡಿ ಬದುಕುವ ಸೀಮೆ. ರಾಗಿ, ಜೋಳ, ನವಣೆ, ಸಾವೆಗಳೇ ಜನರ ಆಹಾರ. 1907ರಲ್ಲಿ ವೇದಾವತಿಗೆ ವಾಣಿವಿಲಾಸ ಸಾಗರದ ಕಟ್ಟೆ ಕಟ್ಟಿದ ಮೇಲೆ ಹಿರಿಯೂರಿನ ಒಂದಿಷ್ಟು ಭೂಮಿ ಹಸಿರಾಯಿತೇನೋ ನಿಜ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳ ಬಹುಭಾಗ ಮಾತ್ರ ಬೆದ್ದಲು ನೆಲವಾಗಿಯೇ ಉಳಿಯಿತು. ಇಂತಹ ಊರಿನಲ್ಲಿ ಹುಡುಗನೊಬ್ಬ ಶಾಲೆಗೆ ಹೋದನೆಂದರೆ ಹೊಲದಲ್ಲಿ ಎರಡು ಕೈ ಕಡಿಮೆಯಾದಂತೆ. ಪ್ರಾಥಮಿಕ ಶಾಲೆ ಮುಗಿಸಿದವನು ಮುಂದೆ ಓದಬೇಕಾದರೆ ಪಟ್ಟಣ ಸೇರಬೇಕು. ಪದವಿ ಪಡೆಯಬೇಕಾದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜಾ ಕಾಲೇಜಿಗೋ ಹೋಗಬೇಕು. ಅಲ್ಲಿ ಉಳಿಯುವುದೆಲ್ಲಿ, ಉಣ್ಣುವುದೇನು ಎಂಬ ಪ್ರಶ್ನೆಯ ಮುಂದೆ ಎಷ್ಟೋ ಮಕ್ಕಳ ವಿದ್ಯೆ ಅರ್ಧಕ್ಕೇ ನಿಂತಿತು. ಬುದ್ಧಿಗೆ ಕೊರತೆಯಿರಲಿಲ್ಲ, ಆಸರೆಗೆ ಕೊರತೆಯಿತ್ತು.

ಈ ಕೊರತೆಯನ್ನು ಕಂಡವರು ಪೂಜ್ಯರಿಗಿಂತ ಮೊದಲೂ ಇದ್ದರು. ಗುಬ್ಬಿಯ ವರ್ತಕರಾದ ರಾವ್ ಬಹದ್ದೂರ್ ಧರ್ಮಪ್ರವರ್ತ ತೋಟದಪ್ಪನವರು ತಮ್ಮ ಗಳಿಕೆಯನ್ನು ಧರ್ಮಕ್ಕೆ ಮುಡಿಪಾಗಿಟ್ಟು, ಬೆಂಗಳೂರಿಗೆ ಬರುವ ಯಾತ್ರಿಕರಿಗೆ ಛತ್ರವನ್ನೂ ಓದಲು ಬರುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯವನ್ನೂ ಆಗಮಾಡಿ 1910ರಲ್ಲಿ ಕಾಲವಾದರು. ಚಿತ್ರದುರ್ಗ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರು ದಾವಣಗೆರೆ, ಬೆಂಗಳೂರು ಮೊದಲಾದ ನಗರಗಳಲ್ಲಿ ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ಪಟ್ಟಣ ಸೇರಿದ ವಿದ್ಯಾರ್ಥಿಗೆ ಇವು ತವರಿನಂತಾದವು. ಈ ಪರಂಪರೆಯನ್ನು ಹಳ್ಳಿಯ ಅಂಗಳಕ್ಕೇ ತಂದುದು ಸಿರಿಗೆರೆಯ ಪೂಜ್ಯರ ವೈಶಿಷ್ಟ್ಯ.

ಕಾಶಿಯಲ್ಲಿ ವ್ಯಾಸಂಗ ಮಾಡಿದ ಪೂಜ್ಯರು 1940ರಲ್ಲಿ ತರಳಬಾಳು ಪೀಠದ 20ನೆಯ ಜಗದ್ಗುರುಗಳಾಗಿ ಪಟ್ಟಾಭಿಷಿಕ್ತರಾದರು. ಆಗ ಅವರಿಗೆ ಇಪ್ಪತ್ತಾರರ ಹರೆಯ. ಪೀಠದ ಹೆಸರಿನಲ್ಲೇ ಅವರ ಮುಂದಿನ ಕಾರ್ಯದ ಸೂಚನೆಯಿತ್ತು. 12ನೆಯ ಶತಮಾನದ ವಿಶ್ವಬಂಧು ಮರುಳಸಿದ್ಧರು ತಮ್ಮ ಶಿಷ್ಯನನ್ನು ಪೀಠದಲ್ಲಿ ಕುಳ್ಳಿರಿಸಿ ಹರಸಿದ ಮಾತಿನಿಂದ ಪೀಠಕ್ಕೆ ಆ ಹೆಸರು ಬಂದಿತೆಂಬುದು ಪ್ರತೀತಿ. ತರಳ ಎಂದರೆ ಮಗು. ಮಗು ಚೆನ್ನಾಗಿ ಬಾಳಲೆಂಬ ಹಾರೈಕೆಯೇ ತರಳಬಾಳು. ಈ ಹಾರೈಕೆಯನ್ನು ಪೂಜ್ಯರು ಕಾರ್ಯಕ್ಕಿಳಿಸಿದರು.

ಪೀಠವೇರಿದ ಕೆಲವೇ ವರ್ಷಗಳಲ್ಲಿ, ಸಿರಿಗೆರೆಯಂತಹ ಚಿಕ್ಕ ಹಳ್ಳಿಯಲ್ಲಿ ಪ್ರೌಢಶಾಲೆ ಆರಂಭವಾಯಿತು. ಅನಂತರ ಒಂದೊಂದಾಗಿ ಸುತ್ತಣ ಗ್ರಾಮಗಳಿಗೂ ಶಾಲೆಗಳು ಬಂದವು. 1962ರಲ್ಲಿ ರೂಪುಗೊಂಡ ಶ್ರೀ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯ ಆಶ್ರಯದಲ್ಲಿ ಶಾಲಾ ಕಾಲೇಜುಗಳ ಸಂಖ್ಯೆ ಕ್ರಮೇಣ ನೂರನ್ನು ಮೀರಿ ಬೆಳೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೂಜ್ಯರು ಪಾಠಶಾಲೆಯನ್ನು ಎಂದೂ ಒಂಟಿಯಾಗಿ ಕಲ್ಪಿಸಿಕೊಂಡವರಲ್ಲ. ಪಾಠದ ಮನೆಯ ಪಕ್ಕದಲ್ಲಿ ಊಟದ ಮನೆ, ಅದರ ಪಕ್ಕದಲ್ಲಿ ಮಲಗುವ ಮನೆ ಇರಬೇಕೆಂಬುದು ಅವರ ನಿಲುವು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬುದನ್ನು ಬರಗಾಲದ ಸೀಮೆಯಲ್ಲಿ ಹುಟ್ಟಿದ ಅವರಿಗೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ.

ಇಷ್ಟು ಮಕ್ಕಳಿಗೆ ಅನ್ನ ಬರುವುದೆಲ್ಲಿಂದ? ಮಠದ ಶಿಷ್ಯರಲ್ಲಿ ಬಹುಪಾಲು ಜನ ಒಕ್ಕಲು ಮಕ್ಕಳು. ಅವರ ಬಳಿ ನಗದು ಕಡಿಮೆ. ಸುಗ್ಗಿಯಲ್ಲಿ ಕಣದ ಮೇಲೆ ರಾಶಿಯಿರುತ್ತಿತ್ತು. ಆ ರಾಶಿಯಲ್ಲಿ ಮಕ್ಕಳಿಗೊಂದು ಪಾಲು ಬಂದಿತು. ಹೀಗೆ ಅಕ್ಕಿಯನ್ನೋ ಜೋಳವನ್ನೋ ಮಠಕ್ಕೆ ಮುಟ್ಟಿಸಿದ ಒಕ್ಕಲಿಗನಿಗೆ, ತಾನು ಹೆಸರು ಕೂಡ ತಿಳಿಯದ ಯಾವುದೋ ಮಗುವಿನ ಓದಿಗೆ ನೆರವಾಗುತ್ತಿದ್ದೇನೆಂಬ ತೃಪ್ತಿ. ಉಂಡು ಓದಿದ ಮಗುವಿಗೆ ತಾನು ಒಬ್ಬ ಧನಿಕನ ಹಂಗಿನಲ್ಲಿಲ್ಲ, ಇಡೀ ಸಮುದಾಯದ ಮಡಿಲಲ್ಲಿದ್ದೇನೆಂಬ ಧೈರ್ಯ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇದೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ.

ಶರಣರ ಮಾರ್ಗದಲ್ಲಿ ನಡೆದ ಪೂಜ್ಯರ ಪಂಕ್ತಿಯಲ್ಲಿ ಜಾತಿಯ ಗೆರೆಗಳಿರಲಿಲ್ಲ. ಎಲ್ಲ ಜನವರ್ಗಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಸಹಪಂಕ್ತಿ ಭೋಜನ ಮಾಡುವುದು ಅಲ್ಲಿನ ಕಟ್ಟಳೆಯಾಯಿತು. ಇದನ್ನು ಇಂದು ಓದುವವರಿಗೆ ಸಹಜವೆನಿಸಬಹುದು. ಆ ಕಾಲದ ಹಳ್ಳಿಯಲ್ಲಿ ಬಾವಿಯಿಂದ ಹಿಡಿದು ದೇಗುಲದ ಕಟ್ಟೆಯವರೆಗೆ ಗೆರೆಗಳೇ ತುಂಬಿದ್ದವು. ಅಂತಹ ಊರಿನಲ್ಲಿ ಧರ್ಮಪೀಠವೊಂದು ಹೀಗೆ ನಡೆದುಕೊಳ್ಳಲು ಎದೆಗಾರಿಕೆ ಬೇಕಿತ್ತು. ಹೆಣ್ಣುಮಕ್ಕಳ ಓದಿಗೂ ಅವರು ಇಂಬು ಕೊಟ್ಟರು. ಮಗಳನ್ನು ದೂರದ ಊರಿಗೆ ಕಳುಹಿಸಲು ಅಂಜುವ ತಂದೆತಾಯಿಯರು ಮಠದ ಊರೆಂದರೆ ನಂಬಿ ಕಳುಹಿಸಿದರು. ನಂಬಿಕೆಯೂ ಒಂದು ಆಸರೆಯೇ ಅಲ್ಲವೇ?

ಪೂಜ್ಯರು ಶಿಸ್ತಿನಲ್ಲಿ ಕಠಿಣರೆಂದು ಹೆಸರಾಗಿದ್ದರು. ಆದರೆ ಮಕ್ಕಳ ಬಾಳಿನಲ್ಲಿ ಶಿಸ್ತೊಂದೇ ಇದ್ದರೆ ಅದು ಒಣಗಿಹೋಗುತ್ತದೆ ಎಂಬುದನ್ನೂ ಅರಿತಿದ್ದರು. ತರಳಬಾಳು ಕಲಾಸಂಘದ ಮೂಲಕ ರಂಗಭೂಮಿಗೆ ಜೀವ ತುಂಬಿದರು. ತಾವೇ ಲೇಖನಿ ಹಿಡಿದು ‘ಮರಣವೇ ಮಹಾನವಮಿ’, ‘ಶರಣಸತಿ ಲಿಂಗಪತಿ’, ‘ವಿಶ್ವಬಂಧು ಮರುಳಸಿದ್ಧ’ ನಾಟಕಗಳನ್ನು ರಚಿಸಿದರು. ನಾಲ್ಕು ಜನರೆದುರು ಬಾಯಿಬಿಡಲು ನಾಚುವ ಹಳ್ಳಿಯ ಮಗುವಿಗೆ ರಂಗದ ಮೇಲೆ ನಿಂತು ಶರಣರ ಪಾತ್ರವಾಡುವುದು ಎಂತಹ ಆತ್ಮವಿಶ್ವಾಸ ತಂದೀತೆಂಬುದನ್ನು ಊಹಿಸಬಹುದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಶಾಖಾಮಠದಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ಹುಟ್ಟುಹಾಕಿದ ಕಲಾಸಂಘ ಪೂಜ್ಯರ ಹೆಸರನ್ನೇ ಹೊತ್ತಿದೆ. 1997ರಿಂದ ನಾಡಿನಾದ್ಯಂತ ಸಂಚರಿಸುತ್ತಿರುವ ಶಿವಸಂಚಾರವು ಆ ಬೇರಿನಿಂದ ಚಿಗುರಿದ ಕೊಂಬೆ.

ವಿದ್ಯಾರ್ಥಿಯನ್ನು ಪೊರೆಯಬೇಕಾದರೆ ಅವನ ಮನೆಯನ್ನೂ ಊರನ್ನೂ ಪೊರೆಯಬೇಕು. ಊರಿನಲ್ಲಿ ವ್ಯಾಜ್ಯ, ಮನೆಯಲ್ಲಿ ಸಾಲ ಇದ್ದರೆ ಮಗುವಿನ ಓದು ಸಾಗದು. ಸಿರಿಗೆರೆಯ ಸದ್ಧರ್ಮ ನ್ಯಾಯಪೀಠವು ಕೋರ್ಟು ಕಚೇರಿಗಳಿಗೆ ಅಲೆದು ಹೊಲ ಮಾರಿಕೊಳ್ಳುತ್ತಿದ್ದ ಎಷ್ಟೋ ಕುಟುಂಬಗಳಿಗೆ ರಾಜಿಯ ದಾರಿ ತೋರಿಸಿತು. ಅಂದು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಜಗಳೂರಿನಲ್ಲಿ 1950ರಲ್ಲಿ ಮೊದಲ ತರಳಬಾಳು ಹುಣ್ಣಿಮೆ ಮಹೋತ್ಸವ ನಡೆಯಿತು. ಆ ಊರಿನ ಗಣ್ಯರಾದ ಇಮಾಂ ಸಾಹೇಬರು ಅದಕ್ಕೆ ಹೆಗಲು ಕೊಟ್ಟುದು ಇಂದಿಗೂ ಭಕ್ತರು ನೆನೆಯುವ ಸಂಗತಿ.

ಕಾಲೇಜಿನ ಹಂತದಲ್ಲಿ ಪೂಜ್ಯರ ಆಸ್ಥೆ ಹೇಗಿತ್ತೆಂಬುದಕ್ಕೆ ಅವರ ಉತ್ತರಾಧಿಕಾರಿಗಳ ವ್ಯಾಸಂಗವೇ ಸಾಕ್ಷಿ. ಈಗಿನ ಜಗದ್ಗುರುಗಳಾದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಸಂಸ್ಕೃತದಲ್ಲಿ ಉನ್ನತ ಅಧ್ಯಯನ ಮಾಡಿ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅನಂತರ ಆಸ್ಟ್ರಿಯಾದ ವಿಯೆನ್ನಾದಲ್ಲಿಯೂ ಸಂಶೋಧನೆ ಕೈಗೊಂಡರು. ಮಠಕ್ಕೆ ಬೇಗನೆ ಒಬ್ಬ ಮರಿ ಬೇಕೆಂಬ ಆತುರಕ್ಕಿಂತ, ಓದುವವರು ಪೂರ್ತಿ ಓದಿ ಬರಲೆಂಬ ತಾಳ್ಮೆ ಹಿರಿದಾಯಿತು. ಅರವತ್ತು ತುಂಬಿದಾಗ ಪೀಠವನ್ನು ಬಿಟ್ಟುಕೊಡಲು ಸಂಕಲ್ಪಿಸಿದ ಪೂಜ್ಯರು 1979ರ ಫೆಬ್ರವರಿಯಲ್ಲಿ ಅದನ್ನು ನೂತನ ಶ್ರೀಗಳಿಗೆ ವಹಿಸಿಕೊಟ್ಟರು. ತಮ್ಮ ಬಾಳಿನ ಏಳುಬೀಳುಗಳನ್ನು ‘ಆತ್ಮನಿವೇದನೆ’ಯಲ್ಲಿ ಬರೆದಿಟ್ಟು, ಎಪ್ಪತ್ತೆಂಟರ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ಅವರ ಕಾಲದ ಕೊರತೆ ಇಂದು ಹಾಗೆಯೇ ಇಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಈಗ ಕಾಲೇಜುಗಳಿವೆ; ಸರ್ಕಾರದ ವಿದ್ಯಾರ್ಥಿನಿಲಯಗಳಿವೆ; ವಿದ್ಯಾರ್ಥಿವೇತನವೂ ಉಂಟು. ಆದರೂ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳ ಸಂಕಟಗಳು ಮಾಯವಾಗಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ಸು ಹಿಡಿಯುವವರಿದ್ದಾರೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನ ಪಾಠ ಅರ್ಥವಾಗದೆ ಒಳಗೊಳಗೇ ಕುಗ್ಗುವವರಿದ್ದಾರೆ. ಒಂದು ವಿಷಯದಲ್ಲಿ ಅನುತ್ತೀರ್ಣರಾದುದನ್ನು ಮನೆಯಲ್ಲಿ ಹೇಳಲಾರದೆ ಮುಚ್ಚಿಡುವವರಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು. ತರಳ ಬಾಳಲೆಂದು ಹರಸಿದ ನಾಡಿಗೆ ಇದಕ್ಕಿಂತ ದೊಡ್ಡ ನೋವು ಯಾವುದಿದೆ?

ಪೂಜ್ಯರ ಬಾಳು ಇದಕ್ಕೆ ದಾರಿಯೊಂದನ್ನು ತೋರಿಸುತ್ತದೆ. ಮಕ್ಕಳ ಆರೈಕೆ ಒಬ್ಬರ ಹೊಣೆಯಾಗಿ ಉಳಿಯದೆ ಎಲ್ಲರ ಪಾಲಿನ ಕಾಯಕವಾಗಬೇಕು. ತಮ್ಮ ಊರಿನಿಂದ ಈ ವರ್ಷ ಯಾವ ಯಾವ ಮಕ್ಕಳು ಕಾಲೇಜಿಗೆ ಸೇರಿದ್ದಾರೆ, ಅವರು ಎಲ್ಲಿ ಉಳಿದಿದ್ದಾರೆ, ಏನು ಉಣ್ಣುತ್ತಿದ್ದಾರೆ ಎಂಬುದು ಆ ಊರಿನ ಹಿರಿಯರಿಗೆ ತಿಳಿದಿರಬೇಕು. ಕಲಿತು ನೌಕರಿ ಹಿಡಿದವರು ತಮ್ಮೂರಿನ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೊಮ್ಮೆ ದೂರವಾಣಿ ಮಾಡಿ ಅಣ್ಣನಂತೆ, ಅಕ್ಕನಂತೆ ಮಾತನಾಡಿಸಿದರೆ ಅದಕ್ಕೆ ಖರ್ಚೇನೂ ಇಲ್ಲ. ಉಪನ್ಯಾಸಕರು ಹಾಜರಿ ಕರೆಯುವಾಗ ಮೂರು ದಿನ ಬಾರದವನ ಹೆಸರನ್ನು ಗುರುತಿಟ್ಟು ವಿಚಾರಿಸಬೇಕು. ತಂದೆತಾಯಿಯರು ಅಂಕ ಕೇಳುವ ಮುನ್ನ ಊಟವಾಯಿತೇ ಎಂದು ಕೇಳಬೇಕು. ಮನಸ್ಸು ತೀರ ಕುಸಿದ ಮಕ್ಕಳಿಗಾಗಿ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಪ್ರಸಾದ ನಿಲಯದ ಗೋಡೆಯ ಮೇಲೂ ಬರೆಯಿಸುವುದು ಯೋಗ್ಯ.

ಸದ್ಭಕ್ತರು ಈ ಸೆಪ್ಟೆಂಬರಿನಲ್ಲಿ ಪೂಜ್ಯರಿಗೆ ಶ್ರದ್ಧಾಂಜಲಿ ಸಲ್ಲಿಸಲು ಹೊರಡುವ ಮುನ್ನ, ತಮ್ಮ ಓಣಿಯಲ್ಲಿ ಕಾಲೇಜಿಗೆ ಹೋಗುವ ಒಂದು ಮಗುವಿನ ಮನೆಯ ಬಾಗಿಲಿಗೆ ಹೋಗಿ ಕುಶಲ ವಿಚಾರಿಸಿ ಬರಲಿ. ದಾಸೋಹಕ್ಕೆ ಒಯ್ಯುವ ಅಕ್ಕಿಯಷ್ಟೇ ಅದೂ ಗುರುವಿಗೆ ಸಲ್ಲುವ ಕಾಣಿಕೆ.