ಪೈಪಿಗಾಗಿ ವಾಪಸ್ ಹೋದ ಹುಡುಗ

ಬರೆಯೋದು ನನ್ನ ಕಸುಬಲ್ಲ. ಐಟಿಐ ಮುಗಿಸಿ ವೈರ್ ಎಳೆಯೋದು, ಪೈಪ್ ಬಗ್ಗಿಸೋದು ಕಲಿತವನು ನಾನು. ಈ ಸಲದ ಸಂಚಿಕೆಗೆ ನೀನೂ ಏನಾದರೂ ಬರಿ ಅಂತ ಒತ್ತಾಯ ಬಂದಾಗ, ಇನ್ನೊಂದು ಥರದ ಪೈಪಿನ ಬಗ್ಗೆ, ಅದನ್ನು ಊದುತ್ತಿದ್ದ ಒಬ್ಬ ಹುಡುಗನ ಬಗ್ಗೆ ಬರೆಯೋಣ ಅನ್ನಿಸಿತು.

ಅವನ ಹೆಸರು ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ಎರಡು ವರ್ಷದ ಹಿಂದೆ ಇಲ್ಲಿ ವ್ಯಾಂಕೂವರ್ ಹತ್ತಿರದ ಒಂದು ಸೈಟಿನಲ್ಲಿ ಕೆಲಸ ಮಾಡ್ತಾ ಇದ್ದಾಗ ಬೆಂಕಿ ಅಲಾರಂ ಹೊಡೆಯಿತು. ಎಲ್ಲರೂ ಕೆಳಗೆ ಓಡಿದೆವು. ಅರ್ಧ ಮೆಟ್ಟಿಲು ಇಳಿದ ಮೇಲೆ ನನ್ನ ಟೂಲ್ ಬ್ಯಾಗ್ ಮೇಲೇ ಉಳಿದಿದ್ದು ನೆನಪಾಯಿತು. ಅದರಲ್ಲಿ ಐಟಿಐ ಸೇರಿದಾಗ ಅಪ್ಪ ಕೊಡಿಸಿದ ಕಟಿಂಗ್ ಪ್ಲೇಯರ್ ಇತ್ತು. ಹಿಂದೆ ಮುಂದೆ ನೋಡದೆ ವಾಪಸ್ ಹತ್ತಿದೆ. ಬೆಂಕಿ ದೊಡ್ಡದಿರಲಿಲ್ಲ, ಬದುಕಿದೆ. ಫೋರ್‌ಮನ್ ಬಾಯಿಗೆ ಬಂದಂತೆ ಬೈದು, ಮೂರು ದಿನ ಸಂಬಳ ಇಲ್ಲದೆ ಮನೆಯಲ್ಲಿ ಕೂರಿಸಿದ. ಕೆಲಸಕ್ಕೆ ಮರಳಿದ ದಿನ, ನಮ್ಮ ಜೊತೆಗಿದ್ದ ಸ್ಕಾಟ್ಲೆಂಡ್ ಮೂಲದ ಹಿರಿಯರೊಬ್ಬರು ಊಟದ ಹೊತ್ತಿನಲ್ಲಿ ಪಕ್ಕ ಕೂತು ಜೇಮ್ಸ್ ರಿಚರ್ಡ್‌ಸನ್ ಕಥೆ ಹೇಳಿದರು.

ಜೇಮ್ಸ್ ಕ್ಲೆಲಂಡ್ ರಿಚರ್ಡ್‌ಸನ್ ಹುಟ್ಟಿದ್ದು 1895ರ ನವೆಂಬರ್ 25ರಂದು, ಸ್ಕಾಟ್ಲೆಂಡಿನ ಬೆಲ್ಸ್‌ಹಿಲ್ ಎಂಬ ಊರಲ್ಲಿ. ಅವನ ಮನೆಯವರೂ ನಮ್ಮ ಹಾಗೆಯೇ ಸಮುದ್ರ ದಾಟಿ ಬಂದವರು. 1910ರ ದಶಕದ ಶುರುವಿನಲ್ಲಿ ಕೆನಡಾಕ್ಕೆ ಬಂದು ಬ್ರಿಟಿಷ್ ಕೊಲಂಬಿಯಾದ ಚಿಲಿವಾಕ್‌ನಲ್ಲಿ ನೆಲೆಸಿದರು. ಅಪ್ಪ ಅಲ್ಲಿ ಪೊಲೀಸ್ ಮುಖ್ಯಸ್ಥ. ಊರು ಬಿಟ್ಟು ಬಂದರೂ ಬ್ಯಾಗ್‌ಪೈಪ್ ಮಗನ ಕೈಬಿಡಲಿಲ್ಲ.

ಬ್ಯಾಗ್‌ಪೈಪ್ ನನಗೆ ಪೂರ್ತಿ ಹೊಸದಲ್ಲ. ನಾನು ಬೆಳಗಾವಿ ಕಡೆಯವನು. ಮರಾಠಾ ರೆಜಿಮೆಂಟಿನ ಬ್ಯಾಂಡಿನವರು ಅದನ್ನು ಊದುವುದನ್ನು ಚಿಕ್ಕವನಿದ್ದಾಗಲೇ ಕೇಳಿದ್ದೆ. ಆದರೆ ಅದು ಕೆಲಸ ಮಾಡುವ ರೀತಿ ತಿಳಿದದ್ದು ಆ ಹಿರಿಯರಿಂದ. ಕಂಕುಳಲ್ಲಿ ಇರುವುದು ಕಮ್ಮಾರನ ತಿದಿಯಂಥ ಒಂದು ಚರ್ಮದ ಚೀಲ. ಬಾಯಿಂದ ಊದುವ ಕೊಳವೆಗೆ ಒಂದು ವಾಲ್ವ್ ಇರುತ್ತದೆ. ನಮ್ಮ ಡಯೋಡ್ ಇದ್ದಂಗೆ, ಗಾಳಿ ಒಳಗೆ ಹೋಗಬಹುದು, ವಾಪಸ್ ಬರುವಂತಿಲ್ಲ. ಹೆಗಲ ಮೇಲಿನ ಮೂರು ಕೊಳವೆಗಳು ಡ್ರೋನ್. ಅವು ತಂಬೂರಿಯ ಹಾಗೆ ಒಂದೇ ಶ್ರುತಿ ಹಿಡಿದಿರುತ್ತವೆ. ಬೆರಳಾಡಿಸಿ ನುಡಿಸುವ ಚಾಂಟರ್‌ನಲ್ಲಿ ಇರುವುದು ಬರೀ ಒಂಬತ್ತು ಸ್ವರ.

ಅದರ ಆರೈಕೆ ಕೂಸಿನ ಆರೈಕೆ ಇದ್ದ ಹಾಗೆ. ಚರ್ಮ ಒಣಗಿದರೆ ಗಾಳಿ ಸೋರುತ್ತದೆ, ಅದಕ್ಕೇ ಹಿಂದಿನವರು ಚೀಲದೊಳಗೆ ಜೇನು, ಪಾಕದಂಥದ್ದನ್ನು ಸವರುತ್ತಿದ್ದರು. ಕೊಳವೆಗಳ ಕೀಲಿಗೆ ಸೆಣಬಿನ ದಾರ ಬಿಗಿಯಾಗಿ ಸುತ್ತಬೇಕು. ಊದಿದ ಮೇಲೆ ಒಳಗಿನ ತೇವ ಒರೆಸದಿದ್ದರೆ ಜೊಂಡಿನ ರೀಡ್ ಕೆಡುತ್ತದೆ, ಪೂರ್ತಿ ಒಣಗಿಸಿದರೆ ಮರ ಸೀಳುತ್ತದೆ. ದಿನಾ ಕೈಯಾಡಿಸಿ ಉಳಿಸಿಕೊಂಡ ಪೈಪು ಊದುವವನಿಗೆ ಬರೀ ಸಾಮಾನಲ್ಲ, ಮೈಯ ಇನ್ನೊಂದು ಅಂಗ. ಈ ಮಾತು ನನಗೆ ತಕ್ಷಣ ಅರ್ಥವಾಯಿತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜೇಮ್ಸ್ ವ್ಯಾಂಕೂವರಿನ ಸೀಫೋರ್ತ್ ಹೈಲ್ಯಾಂಡರ್ಸ್ ಮೂಲಕ ಸೈನ್ಯಕ್ಕೆ ಸೇರಿದ. ಅಲ್ಲಿಂದ 16ನೇ ಬೆಟಾಲಿಯನ್‌ಗೆ, ಅಂದರೆ ಕೆನಡಿಯನ್ ಸ್ಕಾಟಿಷ್‌ಗೆ ಹೋದ. ನಾಲ್ಕು ಹೈಲ್ಯಾಂಡ್ ದಳದವರನ್ನು ಸೇರಿಸಿ ಕಟ್ಟಿದ ಪಡೆ ಅದು. ಮೊದಮೊದಲು ಒಬ್ಬೊಬ್ಬರ ಕಿಲ್ಟ್ ಒಂದೊಂದು ಚೌಕಳಿಯದ್ದು. ಆ ಚೌಕಳಿ ಬಟ್ಟೆಗೆ ಟಾರ್ಟನ್ ಅಂತಾರೆ. ನಮ್ಮಲ್ಲಿ ಸೀರೆಯ ಅಂಚು ನೋಡಿ ಯಾವ ಊರಿನದು ಅಂತ ಹೇಳ್ತಾರಲ್ಲ, ಹಾಗೆ ಅಲ್ಲಿ ಟಾರ್ಟನ್ ನೋಡಿ ಯಾವ ದಳದವನು ಅಂತ ಹೇಳಬಹುದು. ಕಿಲ್ಟ್ ಅಂದರೆ ನೋಡೋಕೆ ಗಿಡ್ಡ, ಆದರೆ ಹಿಂದೆ ನೆರಿಗೆ ಹಿಡಿಯಲು ಎಂಟು ಗಜದವರೆಗೆ ಉಣ್ಣೆ ಬಟ್ಟೆ ಬೇಕು. ಟ್ರೆಂಚಿನ ಕೆಸರು ಅದಕ್ಕೆ ಅಂಟಿದರೆ ಕಲ್ಲಿನ ಭಾರ, ನೆರಿಗೆಯೊಳಗೆ ಹೇನು. ಶತ್ರುವಿಗೆ ಬಣ್ಣ ಕಾಣದಿರಲಿ ಅಂತ ಮೇಲೊಂದು ಖಾಕಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು.

1916ರ ಅಕ್ಟೋಬರ್ 8. ಫ್ರಾನ್ಸಿನ ಸೊಮ್ ಪ್ರದೇಶದಲ್ಲಿ, ರೆಜಿನಾ ಟ್ರೆಂಚ್ ಎಂಬ ಜರ್ಮನ್ ಕಂದಕದ ಮೇಲೆ ದಾಳಿ. ತನ್ನ ಕಂಪನಿಯ ಜೊತೆ ಪೈಪ್ ಊದುತ್ತಾ ಹೋಗಲು ಜೇಮ್ಸ್ ತಾನೇ ಅನುಮತಿ ಕೇಳಿ ಪಡೆದಿದ್ದ. ಮುಂದೆ ಹೋದರೆ ಮುಳ್ಳುತಂತಿ ಕತ್ತರಿಸಿರಲೇ ಇಲ್ಲ. ಗುಂಡಿನ ಮಳೆ, ಸಾವು, ಉಳಿದವರು ನೆಲಕಚ್ಚಿ ಮಲಗಿಬಿಟ್ಟರು. ಆಗ ಈ ಹುಡುಗ ಎದ್ದು ನಿಂತ. ತಂತಿಯ ಹೊರಗಡೆ, ಶತ್ರುವಿನ ಕಣ್ಣೆದುರೇ, ಆ ಕಡೆಯಿಂದ ಈ ಕಡೆಗೆ ನಡೆಯುತ್ತಾ ಪೈಪ್ ಊದಿದ. ಕೈಯಲ್ಲಿ ಕೋವಿಯಿಲ್ಲ. ಆ ದನಿ ಕೇಳಿ ಮಲಗಿದ್ದವರು ಎದ್ದರು, ತಂತಿ ದಾಟಿದರು, ಜಾಗ ಹಿಡಿದರು.

ಆಮೇಲೆ ಗಾಯಗೊಂಡ ಒಬ್ಬ ಜೊತೆಗಾರನನ್ನೂ ಕೈದಿಗಳನ್ನೂ ಹಿಂದಕ್ಕೆ ಕರೆದೊಯ್ಯುವ ಕೆಲಸ ಅವನಿಗೆ ಬಿತ್ತು. ಸುಮಾರು 200 ಗಜ ಬಂದಿರಬೇಕು, ಪೈಪ್ ಬಿಟ್ಟು ಬಂದದ್ದು ನೆನಪಾಯಿತು. ಬೇಡ ಅಂದರೂ ಕೇಳದೆ ವಾಪಸ್ ಹೋದ. ಮತ್ತೆ ಬರಲಿಲ್ಲ. ಇಪ್ಪತ್ತೊಂದು ತುಂಬಲು ಇನ್ನೂ ಒಂದೂವರೆ ತಿಂಗಳು ಬಾಕಿ ಇತ್ತು.

ಅಂದು ಹಿಡಿದ ಜಾಗವೂ ಉಳಿಯಲಿಲ್ಲ. ರೆಜಿನಾ ಟ್ರೆಂಚ್ ಪೂರ್ತಿ ಕೈಗೆ ಬಂದದ್ದು ನವೆಂಬರಿನಲ್ಲಿ. 1918ರ ಅಕ್ಟೋಬರಿನಲ್ಲಿ ಜೇಮ್ಸ್‌ಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ನಮ್ಮ ಪರಮವೀರ ಚಕ್ರ ಇದ್ದ ಹಾಗೆ. ಅವನ ಅವಶೇಷ ಸಿಕ್ಕಿದ್ದು 1920ರಲ್ಲಿ. ಮಣ್ಣು ಮಾಡಿದ್ದು ಫ್ರಾನ್ಸಿನಲ್ಲೇ, ಅಡನಾಕ್ ಸ್ಮಶಾನದಲ್ಲಿ. ಕೆನಡಾ ಅನ್ನೋ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಆ ಜಾಗಕ್ಕೆ ಇಟ್ಟ ಹೆಸರು ಅದು.

ಪೈಪು ಕಳೆದೇ ಹೋಯಿತು ಅಂತ ಎಲ್ಲರೂ ತಿಳಿದಿದ್ದರು. ಆದರೆ 1917ರಲ್ಲಿ ಬ್ರಿಟಿಷ್ ಸೈನ್ಯದ ಪಾದ್ರಿಯೊಬ್ಬರಿಗೆ ಕೆಸರು ಮೆತ್ತಿದ, ಮುರಿದ ಒಂದು ಬ್ಯಾಗ್‌ಪೈಪ್ ಸಿಕ್ಕಿತ್ತು. ಅವರು ಅದನ್ನು ಸ್ಕಾಟ್ಲೆಂಡಿನ ಕ್ರೀಫ್‌ನಲ್ಲಿ ತಾವು ಪಾಠ ಹೇಳುತ್ತಿದ್ದ ಶಾಲೆಗೆ ತಂದಿಟ್ಟರು. ಯಾರದು ಅಂತ ಗೊತ್ತಿಲ್ಲದೆ ಹತ್ತಾರು ವರ್ಷ ಅಲ್ಲೇ ಇತ್ತು. 2002ರಲ್ಲಿ ಅದರ ಗುರುತಿನ ಹುಡುಕಾಟ ಶುರುವಾದಾಗ ದಾರಿ ತೋರಿದ್ದು ಅದಕ್ಕೆ ಅಂಟಿಕೊಂಡಿದ್ದ ಬಟ್ಟೆಯ ಚೂರು. ಲೆನಾಕ್ಸ್ ಟಾರ್ಟನ್, 16ನೇ ಬೆಟಾಲಿಯನ್ ಪೈಪರ್‌ಗಳದ್ದು. 2006ರ ನವೆಂಬರಿನಲ್ಲಿ ಪೈಪು ಬ್ರಿಟಿಷ್ ಕೊಲಂಬಿಯಾಕ್ಕೆ ಬಂತು. ಈಗ ವಿಕ್ಟೋರಿಯಾದ ಶಾಸನಸಭೆ ಕಟ್ಟಡದಲ್ಲಿ ಇಟ್ಟಿದ್ದಾರೆ.

ಹೋದ ಬೇಸಿಗೆಯಲ್ಲಿ ಫೆರ್ರಿ ಹತ್ತಿ ಹೋಗಿ ನೋಡಿ ಬಂದೆ. ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಅವನು ಯಾಕೆ ವಾಪಸ್ ಹೋದ ಅಂತ ನನ್ನನ್ನು ಯಾರೂ ಕೇಳಬೇಕಿಲ್ಲ. ಆದರೆ ಅಲ್ಲಿ ನಿಂತಾಗ ನನಗೆ ನೆನಪಾದವಳು ಚಿಲಿವಾಕ್‌ನಲ್ಲಿದ್ದ ಅವನ ತಾಯಿ. ತೊಂಬತ್ತು ವರ್ಷ ತಡವಾಗಿ ಪೈಪು ಬಂತು, ಮಗ ಅಲ್ಲೇ ಉಳಿದ.

ನಮ್ಮಲ್ಲಿ ಎಷ್ಟೋ ಜನ ಎತ್ತರದಲ್ಲಿ, ಕರೆಂಟಿನ ಹತ್ತಿರ, ಯಂತ್ರದ ಬಾಯಲ್ಲಿ ಕೆಲಸ ಮಾಡುವವರು. ಜೇಮ್ಸ್‌ಗೆ ಕೈಮುಗಿಯೋಣ. ಆದರೆ ಅಲಾರಂ ಹೊಡೆದಾಗ ಮಾತ್ರ ಸಾಮಾನು ಇದ್ದಲ್ಲೇ ಬಿಟ್ಟು ಇಳಿಯಿರಿ. ಈ ಕಥೆಯನ್ನು ಊರಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ. ಪ್ಲೇಯರ್ ಇನ್ನೊಂದು ಕೊಡಿಸ್ತೀನಿ ಬಿಡು ಅಂದರು.