ರಾಜಕುಮಾರರ ಗುರು ಫ್ರೇಸರ್

ಕೊಲ್ಹಾಪುರದ ದಸರಾ ಚೌಕದಲ್ಲಿರುವ ರಾಜರ್ಷಿ ಶಾಹೂ ಮಹಾರಾಜರ ಪ್ರತಿಮೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಗಡಹಿಂಗ್ಲಜದಲ್ಲಾಗಲಿ ಇಚಲಕರಂಜಿಯಲ್ಲಾಗಲಿ ಅವರ ಹೆಸರು ಕೇಳದ ಮಕ್ಕಳು ಸಿಗಲಾರರು. ಆದರೆ ಅವರಿಗೆ ಇಂಗ್ಲಿಷ್ ಕಲಿಸಿದವರು ಯಾರು, ಆ ಪಾಠ ಯಾವ ಊರಿನಲ್ಲಿ ನಡೆಯಿತು ಎಂಬುದು ನಿಮಗೆ ಗೊತ್ತೇ? ಆ ಊರು ನಮ್ಮ ಕನ್ನಡದ ಧಾರವಾಡ. ಗುರುಗಳ ಹೆಸರು ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಸರ್.

ಫ್ರೇಸರ್ ಅವರು 1864ರಲ್ಲಿ ಜನಿಸಿದರು. ಇಂಡಿಯನ್ ಸಿವಿಲ್ ಸರ್ವಿಸ್ ಸೇರಿ, ಚಿಕ್ಕ ವಯಸ್ಸಿನಲ್ಲೇ ಮುಂಬಯಿ ಪ್ರಾಂತಕ್ಕೆ ಬಂದರು. ಆಗ ಇಂಗ್ಲೆಂಡಿನಿಂದ ಇಲ್ಲಿಗೆ ವಾರಗಟ್ಟಲೆ ಹಡಗಿನ ಪ್ರಯಾಣ. ಇಲ್ಲಿಯ ಮಾತು, ಊಟ, ಹಬ್ಬ, ಮಳೆಗಾಲ ಎಲ್ಲವೂ ಅವರಿಗೆ ಹೊಸದು. ಅವರು ಬಂದದ್ದು ಅಧಿಕಾರಿಯಾಗಿ. ಆದರೆ ಸರಕಾರ ಅವರಿಗೆ ವಹಿಸಿದ್ದು ಪಾಠ ಹೇಳುವ ಕೆಲಸವನ್ನು.

ಅದೇನು ದೊಡ್ಡ ಕೆಲಸ ಎಂದು ನಿಮಗೆ ಅನಿಸಬಹುದು. ಸ್ವಲ್ಪ ಹಿಂದಿನ ಸಂಗತಿಯನ್ನು ಕೇಳಿರಿ. ಶಾಹೂ ಮಹಾರಾಜರಿಗಿಂತ ಮೊದಲು ಕೊಲ್ಹಾಪುರದ ಗಾದಿಯ ಮೇಲಿದ್ದವರು ನಾಲ್ಕನೆಯ ಶಿವಾಜಿ. ಅವರಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಹೇಳಿ ಬ್ರಿಟಿಷರು ಅವರನ್ನು ಕಾವಲಿನಲ್ಲಿಟ್ಟರು. ಆ ತರುಣ ರಾಜನನ್ನು ಹಿಂಸಿಸಲಾಗುತ್ತಿದೆ ಎಂದು ಪತ್ರಿಕೆಯಲ್ಲಿ ಬರೆದುದಕ್ಕಾಗಿ 1882ರಲ್ಲಿ ತಿಲಕರು ಮತ್ತು ಆಗರಕರರು 101 ದಿನ ಸೆರೆಮನೆಯಲ್ಲಿದ್ದರು. 1883ರ ಡಿಸೆಂಬರಿನಲ್ಲಿ ರಾಜರು ಅಹಮದನಗರದಲ್ಲಿ ಕಾವಲಿನಲ್ಲಿದ್ದಾಗಲೇ ತೀರಿಕೊಂಡರು. ಆಂಗ್ಲ ಪಾಲಕರೆಂದರೆ ಕೊಲ್ಹಾಪುರದ ಜನರಿಗೆ ಸಂಶಯ ಹುಟ್ಟಿದ್ದು ಸಹಜವೇ ಆಗಿತ್ತು.

ಮರುವರ್ಷ ಕಾಗಲದ ಘಾಟಗೆ ಮನೆತನದ ಹತ್ತು ವರ್ಷದ ಯಶವಂತರಾಯನನ್ನು ದತ್ತಕ ತೆಗೆದುಕೊಳ್ಳಲಾಯಿತು. ಶಾಹೂ ಎಂದು ಹೆಸರಾಯಿತು. ಈ ಹುಡುಗ ರಾಜಕೋಟೆಯಲ್ಲಿ ಕೆಲವು ವರ್ಷ ಓದಿ, 1890ರಲ್ಲಿ ಧಾರವಾಡಕ್ಕೆ ಬಂದು ಫ್ರೇಸರ್ ಅವರ ಶಿಷ್ಯನಾದ. ತಮ್ಮನೂ ಜೊತೆಗಿದ್ದ. ಗುರುವಿಗೆ ಆಗ ಇಪ್ಪತ್ತಾರರ ಆಸುಪಾಸು, ಶಿಷ್ಯನಿಗೆ ಹದಿನಾರು. ಗುರುವಿನ ಮನೆಮಾತು ಇಂಗ್ಲಿಷ್, ಶಿಷ್ಯರದು ಮರಾಠಿ, ಊರಿನದು ಕನ್ನಡ! ಮೂವರಿಗೂ ಅದು ಪರಸ್ಥಳವೇ.

ನಾಲ್ಕು ವರ್ಷ ಪಾಠ ನಡೆಯಿತು. ಇಂಗ್ಲಿಷ್ ಭಾಷೆ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಾಡಳಿತ ಇವು ಪಾಠದ ವಿಷಯಗಳು. ಶಾಹೂಗೆ ಕುಸ್ತಿ, ಕುದುರೆ, ಬೇಟೆಗಳೆಂದರೆ ಪ್ರಾಣ. ಅಂಥ ಹುಡುಗನನ್ನು ಪುಸ್ತಕದ ಮುಂದೆ ಕೂರಿಸುವುದು ಎಷ್ಟು ಕಷ್ಟ ಎಂಬುದನ್ನು ನಿಮ್ಮ ಗುರುಗಳನ್ನೇ ಕೇಳಿ ನೋಡಿ. ಫ್ರೇಸರ್ ಪುಸ್ತಕವನ್ನಷ್ಟೇ ನೆಚ್ಚಲಿಲ್ಲ. ಶಿಷ್ಯರನ್ನು ದೇಶದ ಉತ್ತರಕ್ಕೂ ದಕ್ಷಿಣಕ್ಕೂ ಪ್ರವಾಸಕ್ಕೆ ಕರೆದೊಯ್ದು ಊರುಗಳನ್ನೂ ಜನಜೀವನವನ್ನೂ ತೋರಿಸಿದರು. 1894ರ ಏಪ್ರಿಲ್ 2ರಂದು ಶಾಹೂ ಮಹಾರಾಜರು ರಾಜ್ಯಾಧಿಕಾರ ವಹಿಸಿಕೊಂಡರು. ಮುಂದೆ ಅಧಿಕಾರಿಗಳೊಡನೆ ಇಂಗ್ಲಿಷಿನಲ್ಲಿ ಪತ್ರ ಬರೆದು ತಮ್ಮ ವಾದವನ್ನು ತಾವೇ ಮಂಡಿಸಿದರು. ಗುರುವಿನೊಡನೆಯೂ ಪತ್ರವ್ಯವಹಾರ ಇಟ್ಟುಕೊಂಡರು. ಹಿಂದಿನ ರಾಜರ ಕಥೆ ಮತ್ತೆ ನಡೆಯಲಿಲ್ಲ.

ಅದೇ ವರ್ಷದ ಕೊನೆಗೆ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಕಲಕತ್ತೆಯಲ್ಲಿ ನಿಧನರಾದರು. ಮಗ ಕೃಷ್ಣರಾಜನಿಗೆ ಕೇವಲ ಹತ್ತು ವರ್ಷ. ಆ ಬಾಲಕನ ಗುರುವಾಗಿ, ಪಾಲಕರಾಗಿ 1896ರಲ್ಲಿ ಮೈಸೂರಿಗೆ ಹೋದವರೂ ಇದೇ ಫ್ರೇಸರ್.

ಈಗ 1902ಕ್ಕೆ ಬನ್ನಿ. ಆ ವರ್ಷ ಜುಲೈ 26ರಂದು ಶಾಹೂ ಮಹಾರಾಜರು ತಮ್ಮ ರಾಜ್ಯದಲ್ಲಿ ಖಾಲಿಯಾಗುವ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟು ಆಜ್ಞೆ ಹೊರಡಿಸಿದರು. ಎರಡು ವಾರ ಕಳೆಯುವುದರೊಳಗೆ, ಆಗಸ್ಟ್ 8ರಂದು, ಕೃಷ್ಣರಾಜ ಒಡೆಯರು ಮೈಸೂರಿನ ಅಧಿಕಾರ ವಹಿಸಿಕೊಂಡರು. ಮುಂದೆ 1918ರಲ್ಲಿ ಅವರೂ ಹಿಂದುಳಿದವರಿಗೆ ನೌಕರಿ ದೊರಕಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು.

ಇದೆಲ್ಲ ಗುರು ಕಲಿಸಿದ್ದೇ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಸರಿಯಲ್ಲ. ಫ್ರೇಸರ್ ಬ್ರಿಟಿಷ್ ಸರಕಾರದ ಸೇವಕರು; ತನಗೆ ನಿಷ್ಠರಾದ ರಾಜರು ಬೇಕೆಂದೇ ಆ ಸರಕಾರ ಅವರನ್ನು ನೇಮಿಸಿತ್ತು. ಬಡವರ ಮಕ್ಕಳಿಗೆ ವಸತಿಗೃಹ, 1917ರಲ್ಲಿ ಕಡ್ಡಾಯ ಮತ್ತು ಉಚಿತ ಪ್ರಾಥಮಿಕ ಶಿಕ್ಷಣ, ಇವು ಶಾಹೂ ಮಹಾರಾಜರು ತಮ್ಮ ಜನರ ನಡುವೆ ಓಡಾಡಿ ಕಂಡುಕೊಂಡ ದಾರಿಗಳು. ಗುರು ಕೊಟ್ಟದ್ದು ಭಾಷೆಯನ್ನು, ಲೋಕದ ಪರಿಚಯವನ್ನು. ಅವನ್ನು ಯಾರಿಗಾಗಿ ಬಳಸಬೇಕೆಂದು ನಿರ್ಧರಿಸಿದವರು ಶಿಷ್ಯರು.

1905ರಲ್ಲಿ ಫ್ರೇಸರ್ ರೆಸಿಡೆಂಟರಾಗಿ ಮತ್ತೆ ಮೈಸೂರು ರಾಜ್ಯಕ್ಕೆ ಬಂದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಟ್ಟಿದ ಹೊಸ ಬಡಾವಣೆಗೆ ಫ್ರೇಸರ್ ಟೌನ್ ಎಂದು ಹೆಸರಿಟ್ಟರು. ಅದಕ್ಕೆ ಮುಂದೆ ಪುಲಕೇಶಿನಗರ ಎಂಬ ಹೆಸರು ಬಂದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಆಮೇಲೆ ಹೈದರಾಬಾದಿನಲ್ಲೂ ರೆಸಿಡೆಂಟರಾಗಿ ಕೆಲಸ ಮಾಡಿದರು.

ಶಾಹೂ ಮಹಾರಾಜರು 1922ರಲ್ಲಿ, ಕೃಷ್ಣರಾಜ ಒಡೆಯರು 1940ರಲ್ಲಿ ತೀರಿಕೊಂಡರು. ಗುರು ಇನ್ನೂ ಬದುಕಿದ್ದರು. 1963ರಲ್ಲಿ, ತಮ್ಮ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಕಣ್ಣುಮುಚ್ಚುವ ಹೊತ್ತಿಗೆ ಕೊಲ್ಹಾಪುರ ಮಹಾರಾಷ್ಟ್ರದಲ್ಲಿತ್ತು, ಧಾರವಾಡ ಮೈಸೂರು ರಾಜ್ಯದಲ್ಲಿತ್ತು. ನಡುವಿನ ದಾರಿ ಮಾತ್ರ ಹಳೆಯದೇ: ಕಾಗಲ, ನಿಪ್ಪಾಣಿ, ಬೆಳಗಾವಿ, ಆಮೇಲೆ ಧಾರವಾಡ.