ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಶರಣರ ಸಂಪ್ರದಾಯದಲ್ಲಿ ಕಾಯಕಕ್ಕೂ ದಾಸೋಹಕ್ಕೂ ಅವಿನಾಭಾವ ಸಂಬಂಧವಿರುವುದು. ಸತ್ಯಶುದ್ಧವಾದ ಕಾಯಕದಿಂದ ಬಂದ ದ್ರವ್ಯವನ್ನು ಗುರು ಲಿಂಗ ಜಂಗಮರಿಗೆ ಸಮರ್ಪಿಸಿ, ಉಳಿದುದನ್ನು ಪ್ರಸಾದವೆಂದು ಭಾವಿಸಿ ಅನುಭವಿಸುವುದೇ ಭಕ್ತನ ಲಕ್ಷಣವು. ಆದರೆ ದಾಸೋಹವೆಂದರೆ ಬರಿದೆ ಕೊಡುವುದಲ್ಲ. ಹಸಿದವನಾರು, ಅವನ ಹಸಿವಾವುದು ಎಂಬುದನ್ನು ಅರಿತು ಕೊಡುವುದು. ಉಂಡವನಿಗೆ ಇಕ್ಕಿದ ಅನ್ನವೂ, ತುಂಬಿದ ಕೆರೆಯ ಏರಿಯ ಮೇಲೆ ಇಟ್ಟ ಅರವಟ್ಟಿಗೆಯೂ ದಾನವೆಂಬ ಹೆಸರನ್ನು ಪಡೆದರೂ ದಾನದ ಫಲವನ್ನು ಪಡೆಯಲಾರವು. ಈ ತತ್ತ್ವವನ್ನು ಮಾತಿನಿಂದಲ್ಲದೆ ಕೃತಿಯಿಂದಲೇ ತೋರಿಸಿಕೊಟ್ಟ ಮಹನೀಯರಲ್ಲಿ ಗುಬ್ಬಿ ತೋಟದಪ್ಪನವರು ಅಗ್ರಗಣ್ಯರು.

ತೋಟದಪ್ಪನವರು ೧೮೩೮ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೀರಶೈವ ಮನೆತನವೊಂದರಲ್ಲಿ ಜನಿಸಿದರು. ಆ ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ಕೈಕೊಂಡಿತು. ಅಲ್ಲಿ ಅವರಿಗೆ ಧನವೂ ಗೌರವವೂ ಲಭಿಸಿದುವು. ಸಂತಾನಭಾಗ್ಯವೊಂದು ಮಾತ್ರ ಲಭಿಸಲಿಲ್ಲ. ಮಕ್ಕಳಿಲ್ಲದ ಸಿರಿವಂತನ ಆಸ್ತಿಯು ಆತನ ಕಾಲಾನಂತರ ಏನಾಗುವುದೆಂಬುದು ಲೋಕಕ್ಕೆ ತಿಳಿದ ವಿಷಯವೇ ಆಗಿದೆ. ತೋಟದಪ್ಪನವರು ಆ ಆಸ್ತಿಗೆ ಲೋಕವನ್ನೇ ವಾರಸುದಾರನನ್ನಾಗಿ ಮಾಡಿದರು.

ಅವರು ಬಾಳಿದ ಕಾಲವು ಮೈಸೂರು ಸಂಸ್ಥಾನಕ್ಕೆ ದುಸ್ತರವಾದ ಕಾಲವಾಗಿದ್ದಿತು. ೧೮೭೬ರಿಂದ ೧೮೭೮ರವರೆಗೆ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮವು ನಾಡನ್ನು ಕಾಡಿತು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಪ್ರಜಾಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಹಸಿದ ಪ್ರಜೆಗಳಿಗೆ ಕೂಲಿ ದೊರೆಯಲೆಂದು ಬೆಂಗಳೂರು ಮೈಸೂರು ರೈಲುದಾರಿಯ ಕೆಲಸವನ್ನು ಸರ್ಕಾರದವರು ಆರಂಭಿಸಿದರು. ಅದಕ್ಕೆ ಮೊದಲೇ, ೧೮೬೪ರಲ್ಲಿ, ಜೋಲಾರುಪೇಟೆಯಿಂದ ಕೃಷ್ಣರಾಜಪುರದ ಮಾರ್ಗವಾಗಿ ದಂಡಿನ ಪ್ರದೇಶದವರೆಗೆ ರೈಲು ಬಂದಿದ್ದಿತು. ಗರುಡಾಚಾರ್‌ಪಾಳ್ಯದ ಹೊಲಗಳಲ್ಲಿ ದುಡಿಯುತ್ತಿದ್ದ ರೈತರು ಕೇಳುತ್ತಿದ್ದುದು ಆ ಹೊಗೆಬಂಡಿಯ ಕೂಗನ್ನೇ. ೧೮೮೨ರಲ್ಲಿ ಮೈಸೂರಿಗೂ ೧೮೮೪ರಲ್ಲಿ ತುಮಕೂರಿಗೂ ರೈಲು ನಡೆದ ಮೇಲೆ, ನಾಲ್ಕು ದಿಕ್ಕಿನ ಜನರೂ ಬೆಂಗಳೂರಿನ ಪೇಟೆಯ ಪಡುವಣ ಅಂಚಿನಲ್ಲಿ ಬಂದು ಇಳಿಯಲಾರಂಭಿಸಿದರು. ಗಾಡಿಯಲ್ಲಿ ಬರುವವನು ತನ್ನ ಗಾಡಿಯ ಕೆಳಗಾದರೂ ಮಲಗಿಯಾನು. ರೈಲಿನಿಂದ ಇಳಿದವನಿಗೆ ಆ ಆಸರೆಯೂ ಇಲ್ಲ. ಊರು ಹೊಸದು, ನಂಟರಿಲ್ಲ, ಕೈಯಲ್ಲಿ ಕಾಸಿಲ್ಲ.

ಧನಿಕರು ಧರ್ಮಕಾರ್ಯಗಳನ್ನು ಮಾಡುವುದು ಆಗಲೂ ಹೊಸ ಪದ್ಧತಿಯಾಗಿರಲಿಲ್ಲ. ವೀಳ್ಯದೆಲೆಯ ವ್ಯಾಪಾರದಿಂದ ಐಶ್ವರ್ಯವನ್ನು ಗಳಿಸಿದ ಎಲೆ ಮಲ್ಲಪ್ಪಶೆಟ್ಟರು ನೀರಿನ ಬವಣೆಯನ್ನು ಕಂಡು ಕಟ್ಟಿಸಿದ ಕೆರೆಯು ಕೃಷ್ಣರಾಜಪುರದ ಆಚೆ ಹಳೆಯ ಮದರಾಸು ರಸ್ತೆಯ ಬದಿಯಲ್ಲಿ ಇಂದಿಗೂ ಅವರ ಹೆಸರನ್ನು ಹೊತ್ತಿರುವುದು. ನೀರಿಲ್ಲದ ಎಡೆಗೆ ನೀರು ಧರ್ಮವಾದಂತೆ, ನೆಲೆಯಿಲ್ಲದ ಎಡೆಗೆ ನೆಲೆಯೇ ಧರ್ಮವಾಗುವುದು. ರೈಲ್ವೆ ನಿಲ್ದಾಣದ ಮುಂದಿದ್ದ ಧರ್ಮಾಂಬುಧಿ ಕೆರೆಯು ಪೂರ್ವದಲ್ಲಿ ಪೇಟೆಯ ದಾಹವನ್ನು ತಣಿಸಿದ್ದಿತು. ೧೮೯೬ರಲ್ಲಿ ಹೆಸರಘಟ್ಟದ ನೀರು ಕೊಳವೆಗಳ ಮೂಲಕ ನಗರಕ್ಕೆ ಬಂದ ಬಳಿಕ ಆ ಕೆರೆಯ ಕಾರ್ಯವು ಕುಗ್ಗಿತು. ಅದರ ದಡದಲ್ಲಿ ಇಳಿಯುವ ಪ್ರಯಾಣಿಕರ ಕಷ್ಟವಾದರೋ ಹೆಚ್ಚಿತು. ಒಂದು ಕಾಲದ ಕೊರತೆಯು ಮತ್ತೊಂದು ಕಾಲದ ಕೊರತೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

೧೮೯೭ರಲ್ಲಿ ತೋಟದಪ್ಪನವರು ನಿಲ್ದಾಣದ ಸಮೀಪದಲ್ಲಿಯೇ ಎರಡೂವರೆ ಎಕರೆ ನೆಲವನ್ನು ರೈಲ್ವೆಯವರಿಂದ ೧೦,೦೦೦ ರೂಪಾಯಿಗಳಿಗೆ ಕ್ರಯಕ್ಕೆ ಪಡೆದರು. ಅಂದಿನ ಕಾಲಕ್ಕೆ ಆ ಮೊತ್ತವು ಅಲ್ಪವಾದುದಲ್ಲ. ಆದರೆ ದೂರದಲ್ಲಿ ಎಷ್ಟು ಭವ್ಯವಾದ ಛತ್ರವನ್ನು ಕಟ್ಟಿಸಿದರೂ, ರಾತ್ರಿಯ ರೈಲಿನಿಂದ ಮಕ್ಕಳು ಮರಿಗಳೊಡನೆ ಇಳಿದ ಬಡವನಿಗೆ ಅದರಿಂದ ಪ್ರಯೋಜನವೇನು? ಕೊಡುವವನ ಅನುಕೂಲವನ್ನು ಬಿಟ್ಟು, ಪಡೆಯುವವನ ಅನುಕೂಲದಂತೆ ಸ್ಥಳವನ್ನು ಆರಿಸಿದುದೇ ಈ ದಾನದ ಹಿರಿಮೆಯು.

ಮರುವರ್ಷವೇ, ೧೮೯೮ರಲ್ಲಿ, ಪ್ಲೇಗು ಮಾರಿಯು ಬೆಂಗಳೂರನ್ನು ಹೊಕ್ಕು ಊರಿಗೆ ಊರನ್ನೇ ನಡುಗಿಸಿತು. ಜನರು ಮನೆಗಳನ್ನು ತೊರೆದು ಬಯಲಿಗೆ ಓಡಿದರು. ಅಂತಹ ದುರ್ದಿನಗಳು ನಡುವೆ ಒದಗಿದರೂ ಸಂಕಲ್ಪವು ಕೆಡಲಿಲ್ಲ. ೧೯೦೨ರ ಆಗಸ್ಟಿನಲ್ಲಿ ರಾಜ್ಯಭಾರವನ್ನು ವಹಿಸಿಕೊಂಡಿದ್ದ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಅಮೃತಹಸ್ತದಿಂದ ೧೯೦೩ನೆಯ ಇಸವಿ ಫೆಬ್ರವರಿ ೧೧ರಂದು ಧರ್ಮಛತ್ರದ ಪ್ರಾರಂಭೋತ್ಸವವು ನೆರವೇರಿತು. ಮತಭೇದವನ್ನೆಣಿಸದೆ ಯಾತ್ರಿಕರಿಗೆ ಅಲ್ಲಿ ಆಶ್ರಯವು ದೊರೆಯಿತು.

ಬೆಂಗಳೂರಿಗೆ ಬರುವವರಲ್ಲಿ ಒಂದೆರಡು ದಿನ ತಂಗಿ ಹೋಗುವವರಲ್ಲದೆ, ಹಲವು ವರ್ಷ ನಿಂತು ಓದಬೇಕಾದ ಬಾಲಕರೂ ಇದ್ದರು. ಹಳ್ಳಿಗಳಲ್ಲಿ ಮೇಲ್ತರಗತಿಯ ವಿದ್ಯೆಗೆ ಅವಕಾಶವಿರಲಿಲ್ಲ. ನಗರದಲ್ಲಿ ವಿದ್ಯೆಯಿದ್ದರೂ ಬಡ ಹುಡುಗನಿಗೆ ತಲೆಯೂರಲು ಎಡೆಯಿರಲಿಲ್ಲ. ಆದುದರಿಂದ ಛತ್ರದೊಡನೆ ಉಚಿತ ವಿದ್ಯಾರ್ಥಿನಿಲಯವೂ ಏರ್ಪಟ್ಟಿತು. ಪ್ರಯಾಣಿಕನ ಕೊರತೆಯು ಒಂದು ರಾತ್ರಿಯದು, ವಿದ್ಯಾರ್ಥಿಯ ಕೊರತೆಯು ಹಲವು ವರ್ಷದ್ದು. ಎರಡನ್ನೂ ಬೇರೆಬೇರೆಯಾಗಿ ಎಣಿಸಿ ಎರಡಕ್ಕೂ ತಕ್ಕ ಏರ್ಪಾಡನ್ನು ಮಾಡಿದುದು ಈ ಧರ್ಮಸಂಸ್ಥೆಯ ವಿಶೇಷವು.

ದಾನಿಯು ಕಣ್ಮುಚ್ಚಿದ ಮೇಲೆ ದಾನವೂ ಕಣ್ಮುಚ್ಚುವುದು ಲೋಕದಲ್ಲಿ ಅಪರೂಪವಲ್ಲ. ತೋಟದಪ್ಪನವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಅಂತ್ಯಕಾಲದಲ್ಲಿ ಅದರ ಆಧಿಪತ್ಯವನ್ನು ಕೆ. ಪಿ. ಪುಟ್ಟಣ್ಣಶೆಟ್ಟರಿಗೆ ವಹಿಸಿದರು. ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾದ ಆ ಮಹಾಶಯರಿಗಿಂತ ಯೋಗ್ಯರು ದೊರೆಯುವುದು ದುರ್ಲಭವಾಗಿದ್ದಿತು. ಮಹಾರಾಜರವರು ೧೯೦೫ರಲ್ಲಿ ತೋಟದಪ್ಪನವರಿಗೆ ಧರ್ಮಪ್ರವರ್ತರೆಂಬ ಬಿರುದನ್ನು ದಯಪಾಲಿಸಿದರು. ೧೯೧೦ರಲ್ಲಿ ಬ್ರಿಟಿಷ್ ಸರ್ಕಾರದವರಿಂದ ರಾವ್ ಬಹದ್ದೂರ್ ಪದವಿಯೂ ಬಂದಿತು. ಅದೇ ವರ್ಷ ಫೆಬ್ರವರಿ ೨೧ರಂದು ಅವರು ಲಿಂಗೈಕ್ಯರಾದರು. ಮಕ್ಕಳಿಲ್ಲದ ಅವರ ಹೆಸರನ್ನು, ಆ ನಿಲಯದಲ್ಲಿದ್ದು ಓದಿ ಮುಂದೆ ಬಂದ ಅಸಂಖ್ಯ ಮಕ್ಕಳು ನಾಡಿನಲ್ಲೆಲ್ಲ ಉಳಿಸಿರುವರು.

ಶ್ರೀಮಠದ ಭಕ್ತರು ಈ ಚರಿತ್ರೆಯಿಂದ ಗ್ರಹಿಸತಕ್ಕುದು ಬಹಳವಿದೆ. ಗರುಡಾಚಾರ್‌ಪಾಳ್ಯವು ಈಗ ಹೊಲಗಳ ನಡುವಣ ಹಳ್ಳಿಯಲ್ಲ. ೨೦೨೩ರಿಂದ ಮೆಟ್ರೋ ರೈಲೂ ಇಲ್ಲಿ ನಿಲ್ಲುತ್ತಿದೆ; ದೂರದ ಜಿಲ್ಲೆಗಳಿಂದಲೂ ಪರಪ್ರಾಂತಗಳಿಂದಲೂ ದುಡಿಮೆಗಾಗಿ ಬಂದವರು ಇಲ್ಲಿ ನೆಲಸಿರುವರು. ಇಂತಹ ಎಡೆಯಲ್ಲಿ ಹಿಂದಿನ ವರ್ಷ ಮಾಡಿದುದನ್ನೇ ಈ ವರ್ಷವೂ ಮಾಡಿ ತೃಪ್ತರಾಗುವುದು ಸುಲಭ. ಭಕ್ತರು ಕಾಣಿಕೆಯನ್ನು ಕೂಡಿಸುವ ಮೊದಲು ಕೇರಿಕೇರಿಗೂ ಹೋಗಿ, ಒಂಟಿಯಾಗಿರುವ ವೃದ್ಧರಾರು, ಶಾಲೆಯನ್ನು ಬಿಟ್ಟ ಮಕ್ಕಳಾರು, ರೋಗಿಯನ್ನು ಆಸ್ಪತ್ರೆಗೆ ಒಯ್ಯಲಾರದ ಮನೆಯಾವುದು ಎಂಬುದನ್ನು ವಿನಯದಿಂದ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಇತರರು ಆಗಲೇ ಮಾಡುತ್ತಿರುವುದನ್ನು ತಿಳಿದು, ಯಾರೂ ಮಾಡದಿರುವುದಕ್ಕೆ ಮೊದಲು ಕೈಹಾಕಬೇಕು. ಕಷ್ಟದಲ್ಲಿರುವವರನ್ನೇ ಕೇಳದೆ ಅವರ ಕಷ್ಟವನ್ನು ನಿರ್ಣಯಿಸಬಾರದು. ವರ್ಷವು ತಿರುಗಿದ ಬಳಿಕ ಮತ್ತೆ ವಿಚಾರಿಸಿ, ಏರ್ಪಾಡನ್ನು ತಿದ್ದಿಕೊಳ್ಳಬೇಕು. ಜಂಗಮನು ಯಾವ ರೂಪದಿಂದ ಬಾಗಿಲಿಗೆ ಬಂದಿರುವನೆಂದು ನೋಡದೆ ಎಡೆಮಾಡುವುದು ದಾಸೋಹವಾಗಲಾರದು.

ನಿಲ್ದಾಣದ ಬಾಗಿಲಲ್ಲಿ ನಿಂತ ಬಡವನನ್ನು ಕಂಡು ನೆಲೆಗೊಟ್ಟ ಆ ದೃಷ್ಟಿಯನ್ನು ಪರಶಿವನು ಶ್ರೀಮಠದ ಭಕ್ತಸಮೂಹಕ್ಕೆ ಅನುಗ್ರಹಿಸಲಿ.